ಹೋರಾಟಗಾರರಿಗೆ ಒಪ್ಪಿಸಲಾಗದ ಹೊಣೆ: ಮಂಗಳೂರಿನ ಕೆಲವು ಪ್ರಕರಣಗಳ ಅಧ್ಯಯನ

ಮಂಗಳೂರಿನಲ್ಲಿ ಪ್ರತಿಭಟನೆಗಳಿಗೆ ಬರವಿಲ್ಲ. ಆದರೆ ಧರಣಿ ಕೂರುವ ಮುಖಗಳು ಬಹುಮಟ್ಟಿಗೆ ಅವೇ. ಮಾತಾಡಲೆಂದೇ ಅವರಿದ್ದಾರಲ್ಲ, ನಮಗ್ಯಾಕೆ ಉಸಾಬರಿ ಎಂದು ಉಳಿದವರು ಸುಮ್ಮನಿರುತ್ತಾರೆ. ಈ ಹೊಣೆಗಾರಿಕೆಯ ಹಂಚಿಕೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ನಗರದ ಇತ್ತೀಚಿನ ಕೆಲವು ಪ್ರಕರಣಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಹೋರಾಟಗಾರರು ಒಂದು ವಿಷಯವನ್ನು ಊರಿಗೆಲ್ಲ ಕೇಳಿಸಬಲ್ಲರು. ಕಾನೂನು ಒಬ್ಬ ವ್ಯಕ್ತಿಯ ಹೆಸರು, ಸಹಿ, ಹೇಳಿಕೆಗಳನ್ನು ಕೇಳುವ ಜಾಗದಲ್ಲಿ ಮಾತ್ರ ಅವರು ಇನ್ನೊಬ್ಬರ ಬದಲಿಗೆ ನಿಲ್ಲಲಾರರು ಎಂಬುದು ಇಲ್ಲಿನ ವಾದ.

2009ರ ಜನವರಿ 24ರಂದು ನಗರದ ಪಬ್ಬೊಂದಕ್ಕೆ ನುಗ್ಗಿದ ಗುಂಪು ಅಲ್ಲಿದ್ದ ಯುವತಿಯರನ್ನು ಥಳಿಸಿತು. ಕ್ಯಾಮೆರಾದಲ್ಲಿ ಸೆರೆಯಾದ ದೃಶ್ಯ ದೇಶವಿದೇಶಗಳ ಟಿ.ವಿ. ಪರದೆಗಳನ್ನು ತಲುಪಿತು. ಇದನ್ನು ಪ್ರತಿಭಟಿಸಿ ದಿಲ್ಲಿಯ ಪತ್ರಕರ್ತೆ ನಿಶಾ ಸೂಸನ್ ಮತ್ತು ಗೆಳತಿಯರು ಆರಂಭಿಸಿದ 'ಪಿಂಕ್ ಚಡ್ಡಿ' ಅಭಿಯಾನಕ್ಕೆ ಸಾವಿರಾರು ಮಂದಿ ಕೈಜೋಡಿಸಿದರು. ಇತ್ತ ಮಂಗಳೂರಿನಲ್ಲಿ ಹಲ್ಲೆಗೊಳಗಾದವರು ದೂರು ಕೊಡಲು ಮುಂದೆ ಬರಲಿಲ್ಲ. ಪೊಲೀಸರೇ ಸ್ವಯಂಪ್ರೇರಿತರಾಗಿ ಪ್ರಕರಣ ದಾಖಲಿಸಿಕೊಂಡರು. 2018ರ ಮಾರ್ಚ್‌ನಲ್ಲಿ ಸಾಕ್ಷ್ಯಾಧಾರಗಳ ಕೊರತೆಯಿಂದ ಆರೋಪಿಗಳು ಖುಲಾಸೆಯಾದರು. ಜಗತ್ತೇ ಕಂಡ ಘಟನೆಗೆ ನ್ಯಾಯಾಲಯದಲ್ಲಿ ಸಾಕಷ್ಟು ಸಾಕ್ಷ್ಯ ಸಿಗಲಿಲ್ಲ.

ಜನ ಸುಮ್ಮನಾಗುವುದಕ್ಕೆ ಹೇಡಿತನವೇ ಕಾರಣವೆನ್ನುವುದು ಅವಸರದ ತೀರ್ಪು. ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಒಬ್ಬರಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸಲಾಯಿತು. ಅದನ್ನು ಕೇಳಿದವರು ತಾವೊಬ್ಬರೇ ಎಂದುಕೊಂಡವರಲ್ಲಿ ಶೇ 85 ಮಂದಿ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡವರಲ್ಲಿ ಶೇ 31 ಮಂದಿ ಮಾತ್ರ. ಗುರುತಿನ ಹೋರಾಟಗಾರರಿರುವ ಊರಿನಲ್ಲಿ 'ಇನ್ನೊಬ್ಬರು ಎದ್ದಾರು' ಎಂಬ ಎಣಿಕೆ ಇನ್ನಷ್ಟು ಬಲವಾಗುತ್ತದೆ.

ಭಯಕ್ಕೂ ಇಲ್ಲಿ ಆಧಾರವಿದೆ. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇ ಮೇಲೆ ನಡೆದ ದಾಳಿಯನ್ನು ವರದಿ ಮಾಡಿದ ಪತ್ರಕರ್ತ ನವೀನ್ ಸೂರಿಂಜೆ ಅದೇ ಪ್ರಕರಣದಲ್ಲಿ ಆರೋಪಿಯಾಗಿ ಬಂಧನಕ್ಕೊಳಗಾದರು. ಜಾಮೀನು ಸಿಕ್ಕಿದ್ದು 2013ರ ಮಾರ್ಚ್‌ನಲ್ಲಿ. ಕಂಡದ್ದನ್ನು ಹೇಳಿದವರೇ ಜೈಲು ಸೇರಿದ ಮೇಲೆ ನೆರೆಹೊರೆಯವರಿಗೆ ಧೈರ್ಯ ಎಲ್ಲಿಂದ ಬರಬೇಕು? ಸುಪ್ರೀಂ ಕೋರ್ಟ್ ಸಾಕ್ಷಿಗಳ ರಕ್ಷಣಾ ಯೋಜನೆಯನ್ನು ಅನುಮೋದಿಸಿದ್ದು 2018ರ ಡಿಸೆಂಬರ್‌ನಲ್ಲಿ, ಪಬ್ ಪ್ರಕರಣದ ತೀರ್ಪು ಹೊರಬಿದ್ದು ತಿಂಗಳುಗಳೇ ಕಳೆದ ಮೇಲೆ. ನಾಗರಿಕರ ಮೌನದ ಲೆಕ್ಕ ಹಾಕುವಾಗ ಸರ್ಕಾರದ ಪಾಲನ್ನೂ ಸೇರಿಸಬೇಕು.

ಪ್ರಶ್ನೆ ಕೇಳುವ ಕೆಲಸವನ್ನು ಒಬ್ಬರ ಹೆಗಲಿಗೇ ಹೇರಿದರೆ ಏನಾಗಬಹುದು ಎಂಬುದಕ್ಕೆ ವಿನಾಯಕ ಬಾಳಿಗಾ ಪ್ರಕರಣವಿದೆ. ಮಾಹಿತಿ ಹಕ್ಕು ಕಾಯ್ದೆಯನ್ನು ನಿರಂತರ ಬಳಸುತ್ತಿದ್ದ ಅವರು 2016ರ ಮಾರ್ಚ್ 21ರ ಬೆಳಿಗ್ಗೆ ಮನೆಯ ಸಮೀಪವೇ ಕೊಲೆಯಾದರು. ನ್ಯಾಯಕ್ಕಾಗಿ ದನಿಯೆತ್ತಿದವರಲ್ಲಿ ಮುಂದೆ ನಿಂತ ವಿಚಾರವಾದಿ ನರೇಂದ್ರ ನಾಯಕರಿಗೆ ಪೊಲೀಸ್ ರಕ್ಷಣೆ ಬೇಕಾಯಿತು. ಆ ಕಾಯ್ದೆಯಡಿ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ಕಾರಣ ಹೇಳಬೇಕಿಲ್ಲ ಎಂದು ಕಲಂ 6(2) ಸ್ಪಷ್ಟಪಡಿಸುತ್ತದೆ. ಒಂದೇ ಪ್ರಶ್ನೆಯನ್ನು ಐವತ್ತು ಮಂದಿ ಕೇಳಿದರೆ ಗುರಿಯಿಡಲು ಒಂದೇ ಮುಖ ಉಳಿಯುವುದಿಲ್ಲ. ಹಾಗೆ ಹಲವರು ಕೇಳುವುದು ಹೋರಾಟಗಾರರ ಪ್ರಾಣರಕ್ಷಣೆಯ ವಿಚಾರವೂ ಹೌದು.

ಸುರತ್ಕಲ್ ಟೋಲ್‌ಗೇಟ್ ಬಾಳಿಗಾ ಪ್ರಕರಣಕ್ಕೆ ವ್ಯತಿರಿಕ್ತ ಉದಾಹರಣೆ. ಎನ್‌ಐಟಿಕೆ ಬಳಿಯ ಈ ಗೇಟಿನ ವಿರುದ್ಧ ಹೋರಾಟ ಸಮಿತಿ ವರ್ಷಗಟ್ಟಲೆ ಮನವಿ ಕೊಟ್ಟಿತ್ತು, ಧರಣಿ ಕೂತಿತ್ತು. ಅರವತ್ತು ಕಿ.ಮೀ. ಒಳಗೆ ಎರಡು ಟೋಲ್ ಇರದಂತೆ ಮಾಡುವುದಾಗಿ ಕೇಂದ್ರ ಸಚಿವ ನಿತಿನ್ ಗಡ್ಕರಿ 2022ರ ಮಾರ್ಚ್‌ನಲ್ಲಿ ಸಂಸತ್ತಿನಲ್ಲಿ ಹೇಳಿದ ಮೇಲೂ ವಸೂಲಿ ನಿಲ್ಲಲಿಲ್ಲ. ಅಕ್ಟೋಬರ್ 18ರ ಮುತ್ತಿಗೆಗೆ ದೊಡ್ಡ ಸಂಖ್ಯೆಯಲ್ಲಿ ಜನ ಸೇರಿದರು. ಅದೇ ತಿಂಗಳ 28ರಿಂದ ಹಗಲುರಾತ್ರಿ ಧರಣಿ ನಡೆಯಿತು. ಡಿಸೆಂಬರ್ 1ರಿಂದ ಗೇಟಿನಲ್ಲಿ ವಸೂಲಿ ನಿಂತಿತು. ಸಮಿತಿಯ ಸಂಘಟನೆ ಇಲ್ಲದಿದ್ದರೆ ಈ ಜನ ಸೇರುತ್ತಿರಲಿಲ್ಲ. ಜನ ಸೇರದಿದ್ದರೆ ಸಮಿತಿಯ ಮನವಿಗಳು ಕಡತದಲ್ಲೇ ಉಳಿಯುತ್ತಿದ್ದವು.

ಬೀದಿಗಿಳಿಯದೆಯೂ ಮಾತಾಡಲು ಕಾನೂನಿನಲ್ಲಿ ಅವಕಾಶವಿದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಇದು ಜಾರಿಗೆ ಬಂದದ್ದು 1993ರಲ್ಲಿ. ಮಂಗಳೂರಿನಲ್ಲಿ ಸಮಿತಿಗಳು ರಚನೆಯಾಗಲು ಎಂಸಿಸಿ ಸಿವಿಕ್ ಗ್ರೂಪ್ ಎಂಬ ನಾಗರಿಕರ ಗುಂಪು ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ರಾಜ್ಯದ ಕಾಯ್ದೆಯಂತೆ ಪ್ರತಿ ಸಮಿತಿಯಲ್ಲಿ ಕಾರ್ಪೊರೇಟರ್ ಜೊತೆಗೆ ಹತ್ತು ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು. 60 ವಾರ್ಡ್‌ಗಳ ಪಾಲಿಕೆಯಲ್ಲಿ ಅಂದರೆ 600 ಸ್ಥಾನಗಳು. ಚರಂಡಿ, ನೀರು, ಕಸದ ವಿಚಾರದಲ್ಲಿ ಅಧಿಕೃತವಾಗಿ ಪ್ರಶ್ನಿಸಬಲ್ಲ ಈ ಸ್ಥಾನಗಳನ್ನು ಕೋರ್ಟಿಗೆ ಹೋದ ಬೆರಳೆಣಿಕೆಯ ಮಂದಿ ದೊರಕಿಸಿಕೊಡಬಲ್ಲರು, ಅಷ್ಟನ್ನೂ ತಾವೇ ತುಂಬಲಾರರು. ಪಾಲಿಕೆಗೆ ಹೊಸ ಪರಿಷತ್ತು ಬಂದಾಗಲೆಲ್ಲ ಸಮಿತಿಗಳೂ ಹೊಸದಾಗಿ ರಚನೆಯಾಗಬೇಕು. ಆಗ ಅರ್ಜಿ ಹಾಕಬೇಕಾದವರು ಆಯಾ ವಾರ್ಡಿನ ನಿವಾಸಿಗಳೇ.