ಮೊದಲು ಖೋಲಿ, ಆಮೇಲೆ ಮದುವೆ

ಡೊಂಬಿವಲಿ, ಕಲ್ಯಾಣದ ಚರಿತ್ರೆಯನ್ನು ರೈಲಿನಿಂದ ಶುರುಮಾಡುವುದು ರೂಢಿ. 1853ರಲ್ಲಿ ಬೋರಿಬಂದರಿನಿಂದ ಥಾಣೆಗೆ, ಮರುವರ್ಷ ಕಲ್ಯಾಣಕ್ಕೆ. ಆದರೆ ಇಲ್ಲಿನ ಸಂಸಾರಗಳ ಚರಿತ್ರೆ ಬರೆಯುವುದಾದರೆ 1947ರ ಮುಂಬಯಿ ಬಾಡಿಗೆ ಕಾಯ್ದೆಯಿಂದ ಶುರುಮಾಡಬೇಕು ಎಂದು ನನ್ನ ಲೆಕ್ಕ.

ಆ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ದರಕ್ಕೆ ಕಟ್ಟಿಹಾಕಿತು. ಆಗಲೇ ಒಳಗಿದ್ದವರು ಬದುಕಿಕೊಂಡರು. ಆಮೇಲೆ ಬಂದವರಿಗೆ ಬಾಗಿಲು ಮುಚ್ಚಿತು. ಬಾಡಿಗೆ ಏರುವುದಿಲ್ಲ ಎಂದಮೇಲೆ ಬಾಡಿಗೆಗೆಂದು ಮನೆ ಕಟ್ಟುವವರು ಯಾರು? ಇದ್ದ ಖೋಲಿ ಕೈಬದಲಾಗಬೇಕಾದರೆ ಪಗಡಿ ಎಣಿಸಬೇಕು. ಹೀಗಾಗಿ ಗಂಡಿಗೆ ನೌಕರಿ ಇದೆಯೇ ಎಂಬ ಪ್ರಶ್ನೆಯ ಬೆನ್ನಿಗೇ ಖೋಲಿ ಇದೆಯೇ ಎಂಬುದೂ ಬಂತು. 1972ರ 'ಪಿಯಾ ಕಾ ಘರ್' ಸಿನಿಮಾದಲ್ಲಿ ಚಾಳಿನ ನವದಂಪತಿಗೆ ಏಕಾಂತಕ್ಕೆ ಮೂಲೆಯಿಲ್ಲ. 1977ರ 'ಘರೋಂದಾ'ದಲ್ಲಿ ಬಿಲ್ಡರ್ ಮೋಸಮಾಡಿ ಫ್ಲ್ಯಾಟು ಕೈತಪ್ಪುತ್ತದೆ, ಹುಡುಗಿ ಬೇರೆಯವನನ್ನು ಮದುವೆಯಾಗುತ್ತಾಳೆ.

ನಮ್ಮ ಕರಾವಳಿಯವರ ಕಥೆ ತುಸು ಬೇರೆ. ಹೋಟೆಲಿಗೆ ಬಂದ ಹುಡುಗರು ರಾತ್ರಿ ಶಟರ್ ಎಳೆದಮೇಲೆ ಅಲ್ಲೇ ಮಲಗುತ್ತಿದ್ದರು. ಮದುವೆಯಾದರೂ ಹೆಂಡತಿ ಊರಲ್ಲಿ, ಗಂಡ ಇಲ್ಲಿ. ಅಳಿಯಸಂತಾನದ ಕುಟುಂಬಗಳಲ್ಲಿ ಹೆಣ್ಣಿಗೂ ಅವಳ ಮಕ್ಕಳಿಗೂ ತಾಯಿಮನೆಯಲ್ಲೇ ಹಕ್ಕು. ಗಂಡನ ಸಂಬಂಧ ಮುರಿದರೂ ಸೂರು ಹೋಗುತ್ತಿರಲಿಲ್ಲ. (ಇದನ್ನು ಸ್ತ್ರೀರಾಜ್ಯ ಎಂದು ಹಾಡಿಹೊಗಳುವವರಿದ್ದಾರೆ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತೆಂಬುದನ್ನು ಅವರು ಮರೆಯುತ್ತಾರೆ.) ಅಂದರೆ ಮನೆ ಒಂದು ಕಡೆ, ಮದುವೆ ಇನ್ನೊಂದು ಕಡೆ. ಒಂದು ಮುರಿದರೆ ಇನ್ನೊಂದು ಬೀಳುತ್ತಿರಲಿಲ್ಲ.

ಅವೆರಡನ್ನೂ ಒಂದೇ ಗಂಟಿಗೆ ಹಾಕಿದ್ದು ಈ ಉಪನಗರಗಳು. ನಗರದೊಳಗೆ ಸಿಗದ ಮನೆ ಲೋಕಲಿನಲ್ಲಿ ಒಂದೂಕಾಲು ತಾಸು ನಿಂತು ಬಂದರೆ ಸಿಗುತ್ತಿತ್ತು, ಅದೂ ಬಾಡಿಗೆಗಲ್ಲ, ಸ್ವಂತಕ್ಕೆ. 1963ರಲ್ಲಿ ಓನರ್‌ಶಿಪ್ ಫ್ಲ್ಯಾಟುಗಳ ಕಾಯ್ದೆ ಬಂತು. 1970ರಲ್ಲಿ ನವಿ ಮುಂಬಯಿ ಕಟ್ಟಲು ಸಿಡ್ಕೊ, 1977ರಲ್ಲಿ ಮನೆಸಾಲ ಕೊಡಲು ಎಚ್‌ಡಿಎಫ್‌ಸಿ ಹುಟ್ಟಿದವು. 1992ರಲ್ಲಿ ವಾಶಿಗೆ ಲೋಕಲ್ ಬಂತು. ಊರಲ್ಲಿದ್ದ ಹೆಂಡತಿ ಇಲ್ಲಿಗೆ ಬಂದಳು. ಮುಂದಿನ ತಲೆಮಾರಿನವಳು ತಾನೂ ಲೋಕಲ್ ಹತ್ತಿದಳು. ಕಂತಿಗೆ ಎರಡು ಸಂಬಳ ಬೇಕಾದಾಗ ಸಾಲದ ಪತ್ರದಲ್ಲಿ ಎರಡು ಸಹಿ ಬಿದ್ದವು.

ಈ ಎರಡನೆಯ ಸಹಿ ಹೆಣ್ಣಿಗೆ ಕೊಟ್ಟದ್ದು ಸಣ್ಣದೇನಲ್ಲ. ಮನೆಯಿಂದ ಹೊರಡು ಎನ್ನುವ ಮಾತು ಇನ್ನು ಅವಳೆದುರು ನಡೆಯದು. ಆದರೆ ಇಬ್ಬರಿಗೂ ಬಿಡುವುದು ಕಷ್ಟವಾಯಿತು.

ಪರಸ್ಪರ ಒಪ್ಪಿಗೆಯ ವಿಚ್ಛೇದನ ಹಿಂದೂ ವಿವಾಹ ಕಾಯ್ದೆಗೆ ಸೇರಿದ್ದು 1976ರಲ್ಲಿ. ಅದಕ್ಕೆ ಒಂದು ವರ್ಷ ಬೇರೆ ಬೇರೆ ಇರಬೇಕು. ಕಂತು ಕಟ್ಟುತ್ತ ಇನ್ನೊಂದು ಮನೆಗೆ ಡಿಪಾಸಿಟ್ಟು, ಬಾಡಿಗೆ ಎಲ್ಲಿಂದ ತರುವುದು? ಗಂಡಹೆಂಡಿರಾಗಿ ಬಾಳುತ್ತಿಲ್ಲವೆಂದಾದರೆ ಒಂದೇ ಸೂರಿನಡಿ ಇದ್ದರೂ ಅದು ಬೇರೆ ಇದ್ದಂತೆಯೇ ಎಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿತು. ಒಂದು ಬೆಡ್‌ರೂಮಿನ ಮನೆಯಲ್ಲಿ ಅದು ಹೇಗಿರುತ್ತದೆಂದು ಊಹಿಸಿ: ಅವನು ಹಾಲಿನಲ್ಲಿ, ಅವಳು ಒಳಗೆ, ಬೆಳಗಿನ 7.20ರ ಲೋಕಲಿಗೆ ಇಬ್ಬರಿಗೂ ಒಂದೇ ಬಚ್ಚಲು.

ಅರ್ಜಿ ಹಾಕಿದ ಮೇಲೆ ಕಾಯಬೇಕಾದ ಆರು ತಿಂಗಳನ್ನು ತಕ್ಕ ಕಾರಣವಿದ್ದರೆ ಬಿಟ್ಟುಕೊಡಬಹುದೆಂದು 2017ರಲ್ಲಿ ಅದೇ ಕೋರ್ಟು ಹೇಳಿತು. ಬ್ಯಾಂಕಿಗೆ ಮಾತ್ರ ಡಿಕ್ರಿ ಬಂದರೂ ಇಬ್ಬರೂ ಸಾಲಗಾರರೇ. ಒಬ್ಬರ ಹೆಸರು ತೆಗೆಯಬೇಕಾದರೆ ಉಳಿದವರ ಒಂಟಿ ಸಂಬಳಕ್ಕೆ ಅಷ್ಟು ಸಾಲ ಸಲ್ಲುತ್ತದೆಯೇ ಎಂದು ಹೊಸದಾಗಿ ಲೆಕ್ಕ ಹಾಕುತ್ತದೆ. ಸಲ್ಲದಿದ್ದರೆ ಫ್ಲ್ಯಾಟು ಮಾರಬೇಕು, ಇಲ್ಲವೇ ಬೇರೆಯಾದ ಮೇಲೂ ಕಂತನ್ನು ಕೂಡಿಯೇ ಕಟ್ಟುತ್ತಿರಬೇಕು.