ನರಸಿಂಹರಾಜು (1923–1979)

ಕನ್ನಡ ರಂಗಭೂಮಿ ಮತ್ತು ಚಲನಚಿತ್ರಗಳ ಹಾಸ್ಯನಟ. ಹುಟ್ಟೂರು ತಿಪಟೂರು. ಬಾಲ್ಯದಲ್ಲೇ ಸಿ.ಬಿ. ಮಲ್ಲಪ್ಪನವರ ನಾಟಕ ಕಂಪನಿ ಸೇರಿ ಪ್ರಹ್ಲಾದ, ಲೋಹಿತಾಶ್ವನಂಥ ಬಾಲಪಾತ್ರಗಳಿಗೆ ಬಣ್ಣ ಹಚ್ಚಿದರು. ಮುಂದೆ ಹಲವು ಕಂಪನಿಗಳಲ್ಲಿ ಪಳಗಿ ಗುಬ್ಬಿ ಕಂಪನಿಗೆ ಬಂದರು.

ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ 'ಬೇಡರ ಕಣ್ಣಪ್ಪ' (1954) ಇವರನ್ನು ಬೆಳ್ಳಿತೆರೆಗೆ ತಂದಿತು. ರಾಜಕುಮಾರ್ ನಾಯಕನಟರಾದದ್ದೂ ಅದೇ ಚಿತ್ರದಲ್ಲಿ. ಕನ್ನಡ ಚಿತ್ರರಂಗ ಕೈ ಬರಿದಾಗಿದ್ದ ಕಾಲದಲ್ಲಿ ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಅವರೊಡನೆ ಕಲಾವಿದರ ಸಂಘ ಕಟ್ಟಿ ನಾಟಕವಾಡಿದರು. 'ರಣಧೀರ ಕಂಠೀರವ' (1960) ಚಿತ್ರ ಆ ಒಗ್ಗಟ್ಟಿನ ಫಲ.

ತೆಳ್ಳನೆಯ ಮೈ, ಮುಂದೆ ಚಾಚಿದ ಹಲ್ಲು, ಗಳಿಗೆಗೊಂದು ಬಗೆ ತಾಳುವ ಮುಖ: ಮಾತಿಗೆ ಮೊದಲೇ ನಗು ಹುಟ್ಟುತ್ತಿತ್ತು. ಆದರೆ ಅವರ ನಿಜವಾದ ಬಲ ಕಂಪನಿ ನಾಟಕ ಕಲಿಸಿದ ಮಾತಿನ ಲಯ. 'ಸತ್ಯ ಹರಿಶ್ಚಂದ್ರ'ದ (1965) ನಕ್ಷತ್ರಿಕನನ್ನು ನೋಡಿದರೆ ಇದು ತಿಳಿಯುತ್ತದೆ. ರಾಜ್ಯ ಕಳೆದುಕೊಂಡ ದೊರೆಯ ಬೆನ್ನುಬಿದ್ದು ಸಾಲ ಕೇಳುವ ಆ ಪಾತ್ರ ಪ್ರೇಕ್ಷಕರನ್ನು ನಗಿಸುತ್ತದೆ, ಜೊತೆಗೆ ದೊರೆಯ ಸಂಕಟವನ್ನೂ ಹೆಚ್ಚಿಸುತ್ತದೆ. ಹಾಸ್ಯವನ್ನು ಕಥೆಯಿಂದ ಬೇರೆಯಾಗಿಸದ ಇಂಥ ನಟನೆ ಅಪರೂಪ.

'ನಕ್ಕರೆ ಅದೇ ಸ್ವರ್ಗ' (1967) ಇವರ ನೂರನೆಯ ಚಿತ್ರ. 'ಪ್ರೊಫೆಸರ್ ಹುಚ್ಚೂರಾಯ' (1974) ಚಿತ್ರವನ್ನು ತಾವೇ ನಿರ್ಮಿಸಿದರು. 'ಹಾಸ್ಯ ಚಕ್ರವರ್ತಿ' ಎಂಬುದು ಕನ್ನಡಿಗರು ಪ್ರೀತಿಯಿಂದ ಕೊಟ್ಟ ಬಿರುದು. ಅದಕ್ಕೆ ಅವರು ಪೂರ್ಣ ಅರ್ಹರು.