ಲ್ಯಾಪ್‌ಟಾಪ್‌ನಲ್ಲಿ ಬೇಹುಗಾರಿಕೆ ತಂತ್ರಾಂಶದ ಶಂಕೆ: ಫಾರ್ಮ್ಯಾಟ್ ಮಾಡಿಸುವ ಮುನ್ನ

ಬಾಗಲಕೋಟೆ: ತಮ್ಮ ಲ್ಯಾಪ್‌ಟಾಪ್‌ನೊಳಗೆ ಯಾರೋ ಇಣುಕುತ್ತಿದ್ದಾರೆಂಬ ಅನುಮಾನ ಬಂದವರಿಗೆ ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಸಲಹೆ ಒಂದೇ: ‘ಫಾರ್ಮ್ಯಾಟ್ ಮಾಡಿಸಿಬಿಡಿ’. ಫಾರ್ಮ್ಯಾಟ್ ಮಾಡಿದರೆ ಬೇಹುಗಾರಿಕೆ ತಂತ್ರಾಂಶ ಅಳಿಸಿಹೋಗುವುದು ಬಹುಮಟ್ಟಿಗೆ ನಿಜ. ಆದರೆ ಅದನ್ನು ಯಾವಾಗ, ಯಾವ ದಾರಿಯಿಂದ ಅಳವಡಿಸಲಾಯಿತು ಎಂಬ ಸಾಕ್ಷ್ಯವೂ ಅದರೊಂದಿಗೇ ನಾಶವಾಗುತ್ತದೆ. ಈಗಾಗಲೇ ಕಳವಾದ ಪಾಸ್‌ವರ್ಡ್ ಮಾತ್ರ ಕದ್ದವರ ಬಳಿಯೇ ಉಳಿದಿರುತ್ತದೆ.

ಇದು ಮಹಾನಗರದ ಐಟಿ ಉದ್ಯೋಗಿಗಳ ಸಮಸ್ಯೆಯಷ್ಟೇ ಎಂದು ಭಾವಿಸುವಂತಿಲ್ಲ. ಇಳಕಲ್ಲಿನ ಸೀರೆ ವ್ಯಾಪಾರಿಯ ಲೆಕ್ಕಪತ್ರ, ಬಾದಾಮಿಯ ವಸತಿಗೃಹಗಳಲ್ಲಿ ಪ್ರವಾಸಿಗರು ನೀಡಿದ ಪಾಸ್‌ಪೋರ್ಟ್ ಪ್ರತಿ, ಹುನಗುಂದದ ಡಿಟಿಪಿ ಕೇಂದ್ರಕ್ಕೆ ಬಂದ ಆಧಾರ್ ಮತ್ತು ಪಹಣಿ ಪ್ರತಿಗಳು ಇಂದು ಕೂಡುವುದು ಒಂದೊಂದು ಲ್ಯಾಪ್‌ಟಾಪ್‌ನಲ್ಲೇ. ಅಲ್ಲಿಂದ ಸೋರಿಕೆಯಾದರೆ ನಷ್ಟ ಮಾಲೀಕನೊಬ್ಬನದೇ ಅಲ್ಲ.

ಒಳಬರುವ ದಾರಿಗಳು

2000ದ ದಶಕದಲ್ಲಿ ಈ ಪಿಡುಗು ಸೈಬರ್ ಕೆಫೆಗಳ ಕೀಲಿಮಣೆ ದಾಖಲಿಸುವ ತಂತ್ರಾಂಶವಾಗಿ, ಕರೆಯದೇ ಬಂದು ಬ್ರೌಸರ್‌ನಲ್ಲಿ ಕೂರುತ್ತಿದ್ದ ಟೂಲ್‌ಬಾರ್ ಆಗಿ ಪರಿಚಿತವಾಗಿತ್ತು. ಈಗಿನ ಮಾಹಿತಿ ಕಳವಿನ ತಂತ್ರಾಂಶಗಳು ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನಷ್ಟೇ ಅಲ್ಲದೆ, ನೀವು ಲಾಗಿನ್ ಆಗಿರುವ ಸ್ಥಿತಿಯನ್ನು ದಾಖಲಿಸುವ ಕುಕಿಗಳನ್ನೂ ಒಯ್ಯುತ್ತವೆ. ಅಂತಹವುಗಳಲ್ಲೊಂದಾದ ಲುಮ್ಮಾ, 2025ರ ಮಾರ್ಚ್ 16ರಿಂದ ಮೇ 16ರ ನಡುವಿನ ಎರಡೇ ತಿಂಗಳಲ್ಲಿ ವಿಶ್ವದಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ತಗುಲಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತ್ತು. ‘ಕ್ರ್ಯಾಕ್’ ಮಾಡಿದ ತಂತ್ರಾಂಶಗಳು ಇವುಗಳ ಮುಖ್ಯ ವಾಹನ. ಉಚಿತವಾಗಿಯೇ ದೊರೆಯುವ ‘ನುಡಿ’ಯಂತಹ ತಂತ್ರಾಂಶವನ್ನೂ ಅಪರಿಚಿತ ತಾಣದಿಂದ ಇಳಿಸಿಕೊಳ್ಳುವವರಿದ್ದಾರೆ, ಅದರ ಅಗತ್ಯವೇ ಇಲ್ಲ.

2021ರ ಜುಲೈನಲ್ಲಿ ಪೆಗಾಸಸ್ ವಿವಾದ ಎದ್ದಾಗ, 2019ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ಫೋನ್ ಸಂಖ್ಯೆಯೂ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿತ್ತೆಂದು ವರದಿಯಾಗಿತ್ತು. ಅಷ್ಟು ದುಬಾರಿ ಅಸ್ತ್ರ ಜನಸಾಮಾನ್ಯರಿಗೆ ಬೇಕಾಗುವುದಿಲ್ಲ. ಮನೆಯಲ್ಲಿ ಅಥವಾ ಅಂಗಡಿಯಲ್ಲಿ ಹತ್ತು ನಿಮಿಷ ಲ್ಯಾಪ್‌ಟಾಪ್ ಕೈಗೆ ಸಿಕ್ಕರೆ ಸಾಕು, ದೂರದಿಂದ ನಿಯಂತ್ರಿಸುವ ಎನಿಡೆಸ್ಕ್‌ನಂತಹ ಸಾಧನವನ್ನು ಪರಿಚಿತರೇ ಅಳವಡಿಸಬಹುದು. ಎಷ್ಟೋ ಬಾರಿ ತಂತ್ರಾಂಶವೂ ಬೇಕಿಲ್ಲ, ಗೊತ್ತಿರುವ ಪಾಸ್‌ವರ್ಡ್ ಸಾಕು. ಆದ್ದರಿಂದ ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ಪಟ್ಟಿಯನ್ನೂ ಜಿಮೇಲ್‌ನ ಫಾರ್ವರ್ಡಿಂಗ್ ವ್ಯವಸ್ಥೆಯನ್ನೂ ಮೊದಲು ಪರಿಶೀಲಿಸುವುದು ಲೇಸು.

ಯಂತ್ರ ನಿಧಾನವಾಯಿತು, ಫ್ಯಾನ್ ಸದ್ದು ಮಾಡುತ್ತಿದೆ ಎಂಬುದು ಪುರಾವೆಯಾಗದು. ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಯಾವ ಲ್ಯಾಪ್‌ಟಾಪ್ ತಾನೇ ಬಿಸಿಯಾಗದು! ನೀವು ಅಳವಡಿಸದ ಪ್ರೋಗ್ರಾಂ, ತಾನೇ ನಿಷ್ಕ್ರಿಯಗೊಂಡ ಆ್ಯಂಟಿವೈರಸ್, ಬಳಸದಿರುವಾಗಲೂ ಉರಿಯುವ ಕ್ಯಾಮೆರಾ ದೀಪ, ಖಾತೆಯಲ್ಲಿ ಕಾಣುವ ಅಪರಿಚಿತ ಲಾಗಿನ್ ಇವು ಗಂಭೀರ ಸೂಚನೆಗಳು. ಕಚೇರಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ನಿಗಾ ತಂತ್ರಾಂಶವನ್ನು ಸಂಸ್ಥೆಯೇ ಹಾಕಿರಬಹುದು; ಅದು ಬೇರೆಯದೇ ಪ್ರಶ್ನೆ.

ಡಿಸ್ಕ್ ಹೇಳುವ ಕಥೆ

ಡಿಸ್ಕ್ ಹಾಗೆಯೇ ಉಳಿದರೆ ಏನೆಲ್ಲ ಹೊರಬರಬಹುದೆಂಬುದಕ್ಕೆ ಭೀಮಾ ಕೋರೆಗಾಂವ್ ಪ್ರಕರಣ ನಿದರ್ಶನ. ಪುಣೆ ಪೊಲೀಸರು 2018ರ ಏಪ್ರಿಲ್‌ನಲ್ಲಿ ವಶಪಡಿಸಿಕೊಂಡ ರೋನಾ ವಿಲ್ಸನ್ ಅವರ ಕಂಪ್ಯೂಟರ್‌ನ ಡಿಸ್ಕ್ ಪ್ರತಿಯನ್ನು ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಪರೀಕ್ಷಿಸಿತು. 2016ರ ಜೂನ್ 13ರ ಇ-ಮೇಲ್ ಒಂದರ ಮೂಲಕ ನೆಟ್‌ವೈರ್ ಎಂಬ ಕುತಂತ್ರಾಂಶ ಹೊಕ್ಕು, ಸುಮಾರು 22 ತಿಂಗಳು ಯಂತ್ರ ಅನ್ಯರ ಹಿಡಿತದಲ್ಲಿತ್ತೆಂಬ ಅದರ ವರದಿ 2021ರ ಫೆಬ್ರವರಿಯಲ್ಲಿ ಬಹಿರಂಗವಾಯಿತು. ರಾಷ್ಟ್ರೀಯ ತನಿಖಾ ದಳ ಇದನ್ನು ಒಪ್ಪಲಿಲ್ಲ. ಆ ವಾದವೇನೇ ಇರಲಿ, ಡಿಸ್ಕ್ ಫಾರ್ಮ್ಯಾಟ್ ಆಗಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಶಂಕೆ ಬಂದಾಗ ಮೊದಲು ಆ ಲ್ಯಾಪ್‌ಟಾಪ್‌ನ ವೈಫೈ ಕಡಿತಗೊಳಿಸಿ, ಅದರಲ್ಲಿ ಪಾಸ್‌ವರ್ಡ್ ಟೈಪ್ ಮಾಡುವುದನ್ನು ನಿಲ್ಲಿಸಬೇಕು. ಬಳಿಕ ನಂಬಿಕೆಯ ಬೇರೊಂದು ಸಾಧನದಿಂದ ಇ-ಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಆಗಿ, ಎರಡು ಹಂತದ ದೃಢೀಕರಣ ಜಾರಿಗೊಳಿಸಬೇಕು. ಕದ್ದ ಕುಕಿಗಳು ನಿರುಪಯೋಗಿಯಾಗಲು ಸೈನ್ ಔಟ್ ಅನಿವಾರ್ಯ. ಬ್ಯಾಂಕ್ ಖಾತೆಗಳ ಸರದಿ ಅನಂತರ; ಹಣ ಹೋಗಿದ್ದರೆ ಮಾತ್ರ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಶಂಕಿತ ವ್ಯಕ್ತಿ ಮನೆಯವರೇ ಆಗಿದ್ದು ಹಿಂಸೆಯ ಭಯವಿದ್ದರೆ, ಹಠಾತ್ ಪಾಸ್‌ವರ್ಡ್ ಬದಲಾವಣೆ ಆತನನ್ನು ಎಚ್ಚರಿಸೀತು. ಅಂಥವರು ಮೊದಲು ಸುರಕ್ಷಿತ ಜಾಗ ಮತ್ತು ನೆರವು ನೋಡಿಕೊಳ್ಳಬೇಕು.

ದೂರು ಕೊಡುವ ಯೋಚನೆಯಿದ್ದರೆ ಪರದೆಯ ಮೇಲೆ ಕಂಡದ್ದನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದು, ದಿನಾಂಕ ಮತ್ತು ಸಮಯ ಬರೆದಿಟ್ಟು, ಯಂತ್ರವನ್ನು ಮತ್ತೆ ಬಳಸದೆ ಎತ್ತಿಡಬೇಕು. ‘ಕ್ಲೀನರ್’ ತಂತ್ರಾಂಶ ಓಡಿಸುವುದೂ ಬೇಡ.

ದೂರು ಬೇಡವೆಂದು ನಿರ್ಧರಿಸಿದವರು ಮಾತ್ರ ಶುಚಿಗೊಳಿಸಲು ತೊಡಗಬಹುದು. ಅಪರಿಚಿತ ಪ್ರೋಗ್ರಾಂ ಮತ್ತು ಬ್ರೌಸರ್ ಎಕ್ಸ್‌ಟೆನ್ಷನ್‌ಗಳನ್ನು ತೆಗೆದು, ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಆಫ್‌ಲೈನ್ ಸ್ಕ್ಯಾನ್ ನಡೆಸಬೇಕು. ಅನುಮಾನ ಉಳಿದರೆ ದಾಖಲೆ ಹಾಗೂ ಚಿತ್ರಗಳನ್ನಷ್ಟೇ ನಕಲು ಮಾಡಿಕೊಂಡು, ಬೇರೆ ಕಂಪ್ಯೂಟರ್‌ನಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ನಿಂದ ವಿಂಡೋಸ್ ಹೊಸದಾಗಿ ಅಳವಡಿಸಬೇಕು. ಅಂಗಡಿಯವರು ಮತ್ತೆ ‘ಕ್ರ್ಯಾಕ್’ ಪ್ರತಿಯನ್ನೇ ಹಾಕಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.

ಕಾನೂನು ಮತ್ತು ಠಾಣೆ

ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸುವುದು, ಕುತಂತ್ರಾಂಶ ಸೇರಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ದುರುದ್ದೇಶದಿಂದ ಮಾಡಿದ್ದರೆ 66ನೇ ಕಲಮಿನಡಿ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಹಿಳೆಯ ಅಂತರ್ಜಾಲ ಅಥವಾ ಇ-ಮೇಲ್ ಬಳಕೆಯ ಮೇಲೆ ಪುರುಷನೊಬ್ಬ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನನ್ವಯ ಹಿಂಬಾಲಿಕೆಯ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಡಿಸ್ಕ್ ಮುಟ್ಟದೆ ಇಡುವ ಮಹತ್ವ ಅಲ್ಲಿ ಅರಿವಾಗುತ್ತದೆ.

ಬಾಗಲಕೋಟೆಯಲ್ಲಿ ಸೈಬರ್ ಅಪರಾಧಗಳನ್ನು ನಿರ್ವಹಿಸುವ ಸಿಇಎನ್ ಠಾಣೆಯಿದೆ. ಜಿಲ್ಲಾ ಕೇಂದ್ರಕ್ಕೆ ಹೋಗಲಾಗದವರು ಬಾದಾಮಿ, ಹುನಗುಂದ ಅಥವಾ ಇಳಕಲ್ ಠಾಣೆಯಲ್ಲೂ ದೂರು ಸಲ್ಲಿಸಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ಅವಕಾಶವಿದೆ. ಐಟಿ ಕಾಯ್ದೆಯಡಿಯ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ನಡೆಸುವಂತಿಲ್ಲ. ಹೋಗುವಾಗ ಲ್ಯಾಪ್‌ಟಾಪ್, ಖರೀದಿ ರಸೀದಿ, ತೆಗೆದ ಚಿತ್ರಗಳು ಮತ್ತು ದಿನಾಂಕ ಬರೆದಿಟ್ಟ ಕಾಗದ ಜೊತೆಗಿರಲಿ. ಯಂತ್ರವನ್ನು ಒಪ್ಪಿಸಿದರೆ ಅದಕ್ಕೆ ಸ್ವೀಕೃತಿ ಪತ್ರ ಪಡೆದುಕೊಳ್ಳಬೇಕು.